ತಲೆಕೆಳಗಾದ ತೆನೆ

ಮೋತಿಬಿ ಹಾಳೆಯನ್ನು ತಿರುಗಿಸಿ ಹಿಡಿದಳು. ಇಷ್ಟು ಹೊತ್ತು ಕೆಳಮುಖವಾಗಿ ಜೋತುಬಿದ್ದಿದ್ದ ಜೋಳದ ತೆನೆಗಳೆಲ್ಲ ನೆಟ್ಟಗೆ ಎದ್ದು ನಿಂತವು.

“ತಬಸ್ಸುಮ ಮೇಡಂ, ಒಂಚೂರು ಇಲ್ಲಿ ಬರ್ರಿ.”

ಲ್ಯಾಬಿನ ಮೂಲೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ತಬಸ್ಸುಮ ತಲೆಯೆತ್ತಿದಳು. ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳಲು ಬಂದವಳು ಅವಳು. ಇನ್ನೂ ಮೂವತ್ತು ತುಂಬಿರಲಿಲ್ಲ. ಮೋತಿಬಿಯದು ಬೇರೆ ಕೆಲಸ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯಬೇಕು, ಕಸ ಗುಡಿಸಬೇಕು, ಬಾಗಿಲ ಹೊರಗೆ ಹುಡುಗರ ಚಪ್ಪಲಿಗಳನ್ನು ಸಾಲಾಗಿ ಬಿಡಿಸಬೇಕು, ಸಂಜೆ ಮತ್ತೆ ಬೀಗ ಹಾಕಬೇಕು.

“ಖಾಲಾ, ಮೊದಲ ಉಣ್ಣೂಣು ಬರ್ರಿ. ಮೂರು ದಿನದಿಂದ ಆ ಹಾಳಿ ನೋಡಾಕತ್ತೀರಿ, ನೋಡಿ ನೋಡಿ ತೂತ ಬಿದ್ದೀತು.”

“ಉಣ್ಣೂದು ಎಲ್ಲಿ ಓಡಿಹೊಕ್ಕೈತ್ರಿ? ಆ ಹುಡುಗಗ ಮೂರು ಗಂಟೆ ತನಕ ಅಷ್ಟ ಟೈಮ್ ಐತಿ.”

ಬೆಟಗೇರಿಯ ನೇಕಾರ ಉಡಚಪ್ಪನ ಮಗಳು ರೋಜಾ ತಯಾರಿಸಿದ್ದ ಸೆರಗಿನ ಚಿತ್ತಾರದ ಫೈಲು ಮಂಗಳವಾರ ಏಳನೆಯ ಕಂಪ್ಯೂಟರಿನಿಂದ ಮಾಯವಾಗಿತ್ತು. ಬುಧವಾರ ಬೆಳಿಗ್ಗೆ ಅಂಥದೇ ಸೆರಗು ಅವಳ ಸಹಪಾಠಿ, ಬೆಳ್ಳಟ್ಟಿಯ ಲೋಹಿತನ ಪೆನ್ ಡ್ರೈವಿನಿಂದ ಪ್ರಿಂಟಾಗಿ ಹೊರಬಿದ್ದಿತ್ತು.

ಪ್ರಿಂಟರಿನ ಪಕ್ಕದಲ್ಲೇ ನಿಂತಿದ್ದ ಕೋರ್ಸಿನ ಮುಖ್ಯಸ್ಥ ಮಹಾದೇವ ಸರ್ ಹಾಳೆಯನ್ನು ಮೊದಲು ಎತ್ತಿಕೊಂಡವರು. “ಕದ್ದದ್ದೂ ಕದ್ದಾನ, ಅದನ್ನೂ ಉಲ್ಟಾ ಕದ್ದಾನ” ಎಂದು ಅವರು ಅಂದಾಗ ಇಡೀ ಲ್ಯಾಬು ನಕ್ಕಿತ್ತು. ಲೋಹಿತ ಮಾತ್ರ ಗೋಡೆ ನೋಡುತ್ತ ನಿಂತಿದ್ದ. ಅಂದಿನಿಂದ ಅವನ ಬಾಯಿಂದ ಬಂದದ್ದು ಒಂದೇ ಮಾತು: “ನಾ ಕದ್ದಿಲ್ಲರಿ.”

ಇವತ್ತು ಮೂರು ಗಂಟೆಗೆ ಅವನ ಹೆಸರು ಕೋರ್ಸಿನಿಂದ ಹೋಗುತ್ತದೆ. ಅವನ ಕಾಲೇಜಿಗೆ ಪತ್ರವೂ ಹೋಗುತ್ತದೆ. ಕಳ್ಳನೆಂದು ಬರೆದ ಪತ್ರ ಹೋದ ಮೇಲೆ, ಇದೇ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಬೇಕೆಂದು ಆಸೆಪಟ್ಟ ಹುಡುಗನಿಗೆ ಯಾರು ಸೀಟು ಕೊಡುತ್ತಾರೆ?

ಮೋತಿಬಿಗೆ ಒಳಗೊಳಗೇ ಇನ್ನೊಂದು ಚುಚ್ಚುತ್ತಿತ್ತು. ಊಟದ ವೇಳೆಯಲ್ಲಿ ಲ್ಯಾಬು ಮುಚ್ಚಬೇಕೆಂಬ ನಿಯಮವಿದ್ದರೂ, “ಮೋತಿಮಾ, ಅರ್ಧಾ ತಾಸು ಅಷ್ಟ” ಎಂದು ಲೋಹಿತ ಕೇಳಿದಾಗ ದಿನಾಲೂ ಒಳಗೆ ಬಿಟ್ಟವಳು ಅವಳೇ.

“ಮೇಡಂ, ಒಂದು ಕೇಳ್ತೀನಿ, ನಗಬ್ಯಾಡ್ರಿ. ಈ ಆಕ್ಟೇವ್‌ನ್ಯಾಗ ಸಾಲು ಹಾಕ್ತೀರಲ್ಲ, ಮೊದಲನೇ ಸಾಲು ಎಲ್ಲಿ ಬರ್ತೈತಿ?”

ಆಕ್ಟೇವ್ ಎಂದರೆ ಹುಡುಗರು ಕಲಿಯುತ್ತಿದ್ದ ತಂತ್ರಾಂಶ. ಸಾಲುಸಾಲಾಗಿ ಅಂಕಿ ಕೊಟ್ಟರೆ ಲೆಕ್ಕ ಮಾಡುತ್ತದೆ, ಬೇಕೆಂದರೆ ಚಿತ್ರವಾಗಿಯೂ ತೋರಿಸುತ್ತದೆ. ಉಳಿದವರು ಮಳೆಯ ಅಂಕಿ, ಹವೆಯ ಅಂಕಿ ಹಿಡಿದು ಕೂತಾಗ ರೋಜಾ ತನ್ನ ಮನೆಯ ಹಳೆಯ ಸೀರೆಯ ತುಂಡು ತಂದಿದ್ದಳು. ಎಳೆ ಮೇಲೆ ಬಂದಲ್ಲಿ ಒಂದು, ಕೆಳಗೆ ಹೋದಲ್ಲಿ ಸೊನ್ನೆ. ಹೀಗೆ ಅರವತ್ತು ಸಾಲು ಎಣಿಸಿ ತುಂಬಿದಾಗ ಪರದೆಯ ಮೇಲೆ ತೆನೆಗಳು ಮೂಡಿದ್ದವು.

“ಮೊದಲನೇ ಸಾಲು ಮ್ಯಾಲ ಬರ್ತೈತಿ, ಖಾಲಾ. ನಾವು ಬರಿಯೂ ಹಂಗ. ಮ್ಯಾಲಿಂದ ಕೆಳಗ.”

“ಮಗ್ಗದಾಗ ಹಂಗಲ್ಲರಿ.”

ತಬಸ್ಸುಮ ಡಬ್ಬಿ ಮುಚ್ಚಿ ಎದ್ದು ಬಂದಳು.

“ನಮ್ಮವ್ವ ನೇಕಾರ ಮನಿಗೆ ಲಾಳಿ ಕಂಡಕಿ ಸುತ್ತಾಕ ಹೋಗಾಕಿ. ನಾನು ಆಕಿ ಮಗ್ಗಲದಾಗ ಕುಂತು ನೂಲು ಸುತ್ತಾಕಿ,” ಎಂದಳು ಮೋತಿಬಿ. “ಮಗ್ಗದ ಮ್ಯಾಲ ಮೊದಲ ಹಾಕಿದ ಸಾಲು ನೇಯಾವನ ಹೊಟ್ಟಿ ಕಡೆ ಇರ್ತೈತಿ. ಅದರ ಮ್ಯಾಲ ಎರಡನೇದು. ಅರಿವಿ ಬೆಳಿಯೂದ ಹಂಗ, ಪೈರು ಬೆಳೆದಂಗ. ನೇಕಾರ್ರಿಗೆ ಸಾಲು ಎಣಿಸು ಅಂದ್ರ ಕೆಳಗಿಂದ ಎಣಸ್ತಾರ.”

ತಬಸ್ಸುಮ ಹಾಳೆಯನ್ನು ತೆಗೆದುಕೊಂಡು ಒಮ್ಮೆ ಸೀದಾ, ಒಮ್ಮೆ ಉಲ್ಟಾ ಹಿಡಿದು ನೋಡಿದಳು.

“ಅಂದ್ರ ಕೆಳಗಿಂದ ಎಣಿಸಿದ್ದನ್ನ ಇಲ್ಲಿ ಮ್ಯಾಲಿಂದ ಹಾಕ್ಯಾನ. ಅದಕ್ಕ ತಲಿಕೆಳಗ ಆಗೇತಿ.”

“ಹೌದಲ್ಲರಿ! ಇದು ರೋಜಾನ ಫೈಲಲ್ಲ. ರೋಜಾ ಕಲ್ತ ಹುಡುಗಿ, ನೀವು ಹೇಳಿದಂಗ ಮ್ಯಾಲಿಂದ ಹಾಕ್ಯಾಳ. ಇದನ್ನ ಎಣಿಸಿದವರು ಯಾರೋ ಮಗ್ಗದ ಮುಂದ ಕುಂತು ಬೆಳದವರು.”

“ಲೋಹಿತನ ಮನ್ಯಾಗ ಮಗ್ಗ ಎಲ್ಲೈತಿ? ಅವರಪ್ಪ ಬಿತ್ತಿ ಬೆಳಿಯೋವ. ಮತ್ತ ಖಾಲಾ, ಮಹಾದೇವ ಸರ್ ಒಂದ ಮಾತು ಅಂತಾರ. ಫೈಲು ಉಲ್ಟಾ ಮಾಡಾಕ ಒಂದ ಸಾಲಿನ ಆಜ್ಞಾ ಸಾಕು. ಗುರುತು ಸಿಗಬಾರದು ಅಂತ ಮಾಡ್ಯಾನ ಅಂದ್ರ?”

ಮೋತಿಬಿ ಒಪ್ಪಿಕೊಂಡಳು. ಅದು ಹೌದು. ಉಲ್ಟಾ ಇದ್ದ ಮಾತ್ರಕ್ಕೆ ಹುಡುಗ ಉಳಿಯುವುದಿಲ್ಲ.

ಅವಳು ಗೋಡೆಯ ಕಡೆ ನಡೆದಳು. ಹೋದ ಶನಿವಾರ ತಬಸ್ಸುಮ ಎಲ್ಲ ಹುಡುಗರ ಚಿತ್ರಗಳನ್ನೂ ಪ್ರಿಂಟ್ ತೆಗೆದು ಅಲ್ಲಿ ಅಂಟಿಸಿದ್ದಳು. ಮೂರನೆಯದು ರೋಜಾಳದು. ಮೋತಿಬಿ ಲೋಹಿತನ ಹಾಳೆಯನ್ನು ತೆನೆ ಮೇಲಾಗಿ ತಿರುಗಿಸಿ ಅದರ ಪಕ್ಕ ಹಿಡಿದಳು. ಬೆರಳಿಟ್ಟು ಕೆಳಗಿನಿಂದ ಎಣಿಸತೊಡಗಿದಳು. ಒಂದು, ಎರಡು, ಮೂರು. ಅಕ್ಕಿ ಆರಿಸುವವರ ಹಾಗೆ ಅವಸರವಿಲ್ಲದೆ ಎಣಿಸಿದಳು.

ಅರವತ್ತರ ತನಕ ಎರಡೂ ಒಂದೇ. ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲ.

ರೋಜಾಳ ಚಿತ್ರ ಅರವತ್ತಕ್ಕೆ ಮುಗಿದಿತ್ತು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಪ್ರತಿ ತೆನೆಯ ತುದಿಗೆ ಎರಡೆರಡು ಚುಕ್ಕಿ. “ಇವು ಉದುರಿದ ಕಾಳು” ಎಂದು ರೋಜಾ ಎಲ್ಲರಿಗೂ ವಿವರಿಸಿದ್ದಳು. ಅದರಾಚೆ ಅವಳ ಬಳಿ ಸೀರೆಯೇ ಇರಲಿಲ್ಲ. ಉಳಿದ ಸೆರಗನ್ನು ಎಂದೋ ಹೊದೆಯುವ ಕೌದಿ ಹೊಲಿಯಲು ಕತ್ತರಿಸಿದ್ದರಂತೆ.

ಲೋಹಿತನ ಹಾಳೆ ಅರವತ್ತಕ್ಕೆ ನಿಂತಿರಲಿಲ್ಲ.

“ಮೇಡಂ, ಇಲ್ನೋಡ್ರಿ. ಆ ಎರಡು ಚುಕ್ಕಿ ಕಾಳಲ್ಲ. ಕಾಲು.”

ತೆನೆಯ ತುದಿಯಲ್ಲಿ ಎರಡು ಕಾಲೂರಿ ಒಂದು ಗುಬ್ಬಿ ಕೂತಿತ್ತು. ಪ್ರತಿ ತೆನೆಗೂ ಒಂದೊಂದು. ಕೊಕ್ಕು ಬಗ್ಗಿಸಿ ಕಾಳು ಹೆಕ್ಕುತ್ತಿತ್ತು. ಬುಧವಾರ ಎಲ್ಲರೂ ಹಾಳೆಯನ್ನು ತಲೆಕೆಳಗಾಗಿಯೇ ನೋಡಿ ನಕ್ಕದ್ದರಿಂದ ಅದು ಯಾರ ಕಣ್ಣಿಗೂ ಗುಬ್ಬಿಯಾಗಿ ಕಂಡಿರಲಿಲ್ಲ.

ತಬಸ್ಸುಮ ತಾನೂ ಎಣಿಸಿದಳು. “ತೊಂಬತ್ತಾರು ಸಾಲು ಅದಾವ. ಮೂವತ್ತಾರು ಜಾಸ್ತಿ.”

“ರೋಜಾನ ಹತ್ರ ಇರಲಾರದ್ದನ್ನ ರೋಜಾನ ಹತ್ರ ಹೆಂಗ ಕದೀತಾನ, ನೀವ ಹೇಳ್ರಿ.”

ತಬಸ್ಸುಮಳ ಕಣ್ಣುಗಳು ಹೊಳೆದವು. ಆದರೆ ಅವಳು ಲೆಕ್ಕ ಕಲಿತವಳು. ಅರ್ಧ ಉತ್ತರಕ್ಕೆ ಒಪ್ಪುವವಳಲ್ಲ. “ಹಂಗಾರ ಇದು ಎಲ್ಲಿಂದ ಬಂತು?”

“ಈ ಪೆಟಿಗಿ ತಾ ಮಾಡಿದ ಕೆಲಸ ನೆನಪ ಇಟ್ಟಿರ್ತೈತೇನ್ರಿ?” ಮೋತಿಬಿ ಹನ್ನೆರಡನೆಯ ಕಂಪ್ಯೂಟರನ್ನು ಮೆಲ್ಲಗೆ ತಟ್ಟಿದಳು. ಲೋಹಿತ ಕೂರುತ್ತಿದ್ದ ಜಾಗ.

ತಬಸ್ಸುಮ ಹಣೆ ಬಡಿದುಕೊಂಡಳು. “ಯಾ ಅಲ್ಲಾ! ಕಲಸಾಕಿ ನಾನು, ನನಗ ಹೊಳೀಲಿಲ್ಲ ನೋಡ್ರಿ.”

ಆಕ್ಟೇವ್ ತಾನು ಕೇಳಿಸಿಕೊಂಡ ಆಜ್ಞೆಗಳನ್ನೆಲ್ಲ ಒಂದು ಕಡೆ ಬರೆದಿಡುತ್ತದೆ. ಕೆಲಸ ಮುಗಿಸಿ ಮುಚ್ಚಿದಾಗಲೆಲ್ಲ ತಾರೀಖು, ವೇಳೆ ಕೂಡ ಬೀಳುತ್ತದೆ. ಹುಡುಗರಿಗೆ ಅದು ಗೊತ್ತಿರುವುದಿಲ್ಲ; ತಿಳಿದವರೂ ತೆರೆದು ನೋಡುವುದು ಕಡಿಮೆ. ತಬಸ್ಸುಮ ನಾಲ್ಕಾರು ಸಲ ಕೀಲಿ ಒತ್ತಿದಳು. ಪರದೆಯ ತುಂಬ ಸಣ್ಣ ಅಕ್ಷರಗಳು ಇಳಿದವು.

ಎಂಟು ದಿನ. ಎಂಟೂ ದಿನ ಮಧ್ಯಾಹ್ನ ಎರಡಕ್ಕೆ ಕೆಲವು ನಿಮಿಷ ಮೊದಲು ಮುಚ್ಚಿದ್ದು. ದಿನಕ್ಕೆ ಹನ್ನೆರಡು ಸಾಲು. ಒಂದೊಂದು ಸಾಲನ್ನೂ ಕೈಯಾರೆ ಹೊಡೆದಿದ್ದ. ಕೆಲವೆಡೆ ತಪ್ಪಿ, ಅದೇ ಸಾಲನ್ನು ಮತ್ತೆ ಹೊಡೆದಿದ್ದ. ಮೊದಲ ದಿನದ ಆರನೆಯ ಸಾಲನ್ನಂತೂ ನಾಲ್ಕು ಸಲ.

“ಕದ್ದ ಮಾಲಿಗೆ ಇಷ್ಟು ಬೆವರು ಯಾರು ಸುರಸ್ತಾರ,” ಎಂದಳು ಮೋತಿಬಿ.

ತಬಸ್ಸುಮ ಆಗಲೇ ಏಳನೆಯ ಕಂಪ್ಯೂಟರಿನ ಮುಂದೆ ಹೋಗಿ ಕೂತಿದ್ದಳು. ಅಲ್ಲಿಯೂ ಅದೇ ಪುಟ ತೆರೆದು ಓದಿದಳು.

“ಖಾಲಾ, ಫೈಲು ತಾನ ಹೋಗಿಲ್ಲ. ಮಂಗಳವಾರ ಮಧ್ಯಾಹ್ನ ಯಾರೋ ಇಲ್ಲಿ ಕುಂತು ಅಳಿಸ್ಯಾರ. ಅಳಸೂ ಆಜ್ಞಾ ಐತಿ. ಮುಚ್ಚಿದ್ದು ಒಂದು ಐವತ್ತೆರಡಕ್ಕ.”

“ಆವಾಗ ಲೋಹಿತ?”

“ಹನ್ನೆರಡರಾಗ ಇದ್ದ. ಅವ ಮುಚ್ಚಿದ್ದು ಒಂದು ಐವತ್ತೆಂಟಕ್ಕ. ಆದ್ರ ಎದ್ದು ಬಂದು ಅಳಿಸಿ ಹೋಗಾಕ ಎಷ್ಟು ಹೊತ್ತು ಬೇಕು?”

ಮಂಗಳವಾರ ಆ ಹೊತ್ತಿಗೆ ಮೋತಿಬಿ ನೀರಿನ ಕ್ಯಾನು ತರಲು ಕೆಳಗೆ ಹೋಗಿದ್ದಳು. ಬಾಗಿಲಿಗೆ ಬೀಗ ಹಾಕದೆ ಸುಮ್ಮನೆ ಎಳೆದುಕೊಂಡಿದ್ದಳು. ಯಾರು ಬಂದರು, ಯಾರು ಹೋದರು, ದೇವರಿಗೇ ಗೊತ್ತು.

ಲೋಹಿತ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದ. ಬ್ಯಾಗು ತೊಡೆಯ ಮೇಲಿತ್ತು, ಊರಿಗೆ ಹೊರಟವನ ಹಾಗೆ. ಮೋತಿಬಿ ಪಕ್ಕದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ.

“ತಗೋ, ಉಣ್ಣು.”

“ಹಸಿವಿಲ್ಲ ಮೋತಿಮಾ.”

“ಹಸಿವಿಲ್ಲ ಅಂದವರ ಹೊಟ್ಟಿ ಸಪ್ಪಳ ನನಗ ಇಲ್ಲೀತನಕ ಕೇಳಾಕತ್ತೈತಿ. ತಗೋ.”

ಅವನು ರೊಟ್ಟಿ ಮುರಿದ. ಎರಡು ತುತ್ತು ಇಳಿಯುವ ತನಕ ಅವಳು ಏನೂ ಕೇಳಲಿಲ್ಲ. ಮೂರು ಮಕ್ಕಳನ್ನು ಬೆಳೆಸಿದ ಹೆಂಗಸು ಅವಳು. ಯಾವಾಗ ಕೇಳಬೇಕೆಂದು ಗೊತ್ತಿತ್ತು.

“ಕಿವ್ಯಾಗ ಆ ವೈರು ಹಾಕ್ಕೊಂಡು, ಎರಡು ಎತ್ತು, ಮೂರು ಬಿಡು ಅಂತ ಗುಣುಗುಡ್ತಿದ್ದಿ. ನಾ ಏನೋ ಹಾಡು ಕೇಳಾಕತ್ತಾನ ಅನ್ಕೊಂಡಿದ್ದೆ. ಯಾರೋ ಫೋನಿನ್ಯಾಗ ಹೇಳ್ತಿದ್ರು, ನೀ ಹೊಡೀತಿದ್ದಿ. ಹೌದಿಲ್ಲೊ?”

ಲೋಹಿತನ ಕೈ ನಿಂತಿತು.

“ಅದನ್ನ ಯಾರಿಗೆ ಅಂತ ಪ್ರಿಂಟ್ ತಗದಿ?”

“ರೋಜಾಗ,” ಎಂದ. “ಆಕೀದು ಅರ್ಧಾ ಅಷ್ಟ ಇತ್ತು. ಪೂರಾ ಮಾಡಿ ಆಕಿ ಟೇಬಲ್ ಮ್ಯಾಲ ಇಟ್ಟು ಬಾ, ಯಾರು ಕೊಟ್ರು ಅನಬ್ಯಾಡ ಅಂತ…”

“ಯಾರು ಹೇಳಿದ್ರು?”

“ಮಾತು ಕೊಟ್ಟೀನಿ. ಹೆಸರು ಹೇಳಂಗಿಲ್ಲ, ಮೋತಿಮಾ. ಕೋರ್ಸಿಂದ ತಗದ್ರ ತಗೀಲಿ.”

“ಫೈಲು ಅಳಿಸಿದವರು?”

“ಖರೆ ನನಗ ಗೊತ್ತಿಲ್ಲ.”

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸುಳ್ಳು ಹೇಳುವ ಮಕ್ಕಳು ಒಂದು ಮಾತು ಹೆಚ್ಚಿಗೆ ಆಡುತ್ತಾರೆ. ಇವನು ಆಡಲಿಲ್ಲ.

ಮೂರಕ್ಕೆ ಮಹಾದೇವ ಸರ್ ಕೋಣೆಯಲ್ಲಿ ಎಲ್ಲರೂ ಸೇರಿದರು. ಉಡಚಪ್ಪ ಮಗಳೊಂದಿಗೆ ಬಂದಿದ್ದ. ಐವತ್ತರ ಆಸುಪಾಸಿನ ಆಳು, ಬಿಳಿ ಅಂಗಿ, ಬೆರಳ ತುದಿಗಳಿಗೆ ಬಣ್ಣದ ಕಲೆ. ಸಾಕ್ಷಿಗೆಂದು ಹಳೆಯ ಸೆರಗಿನ ತುಂಡನ್ನೂ ತಂದು ಮೇಜಿನ ಮೇಲೆ ಹರಡಿದ್ದ.

“ನಮ್ಮ ಮನಿ ತೆನಿ ಇದು, ಸರ. ನಮ್ಮಜ್ಜನ ಕಾಲದಿಂದ ನಮ್ಮ ಮಗ್ಗ ಬಿಟ್ಟು ಹೊರಗ ಹೋಗಿದ್ದಿಲ್ಲ. ಈ ಹುಡುಗ ಅದನ್ನ ಯಾವ ಪವರ್ ಲೂಮಿನವಗ ಕೊಡಾಂವ ಇದ್ದನೋ!”

“ಪತ್ರ ತಯಾರೈತಿ,” ಎಂದರು ಮಹಾದೇವ ಸರ್. “ಸಹಿ ಮಾಡೂದೊಂದ ಬಾಕಿ.”

“ಸಹಿ ಮಾಡೂಕಿಂತ ಮೊದಲ ಐದು ನಿಮಿಷ ಕೊಡ್ರಿ, ಸರ್,” ಎಂದಳು ತಬಸ್ಸುಮ. ಹನ್ನೆರಡನೆಯ ಕಂಪ್ಯೂಟರಿನ ಪುಟಗಳನ್ನು ಅವರ ಮುಂದಿಟ್ಟಳು. ಎಂಟು ದಿನ, ತೊಂಬತ್ತಾರು ಸಾಲು. ಮಹಾದೇವ ಸರ್ ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು. ಒರಟು ಮಾತಿನವರಾದರೂ ಅನ್ಯಾಯದವರಲ್ಲ.

“ನಕಲು ಮಾಡಿಲ್ಲ ಅಂತ ಆತು. ಇದನ್ನ ಒಪ್ತೀನಿ,” ಎಂದರು. “ಆದ್ರ ಆಕಿ ಫೈಲು ಅಳಿಸಿದವರು ಯಾರು? ಆ ಹೊತ್ತಿನ್ಯಾಗ ಒಳಗ ಇದ್ದಾಂವ ಇವ ಒಬ್ಬ. ಅಳಿಸಿಲ್ಲ ಅಂತ ಗೊತ್ತಾಗೂತನಕ ಪತ್ರ ಹಿಂದ ತಗೊಳ್ಳಾಕ ಬರಂಗಿಲ್ಲ, ಮೇಡಂ.”

ಮೋತಿಬಿ ಬಾಗಿಲ ಬಳಿ ನಿಂತಿದ್ದಳು. ಇಂಥ ಕೋಣೆಗಳಲ್ಲಿ ಚಹಾ ಕೊಟ್ಟು ಹೊರಗೆ ಹೋಗಿ ಅವಳಿಗೆ ಅಭ್ಯಾಸ. ಇವತ್ತು ಮುಂದೆ ಬಂದಳು. ಮೇಜಿನ ಮೇಲಿನ ಸೆರಗನ್ನು ಎರಡು ಬೆರಳಿನಿಂದ ಮೃದುವಾಗಿ ಮುಟ್ಟಿದಳು.

“ಯಜಮಾನ್ರ, ಇದನ್ನ ಕತ್ತರಿಸಿದವರು ಯಾರು?”

“ಮನ್ಯಾಗಿನ ಹೆಣ್ಮಕ್ಕಳು. ಕೌದಿಗೆ ಅಂತ ಕತ್ತರಿಸ್ಯಾರ. ಅದ್ಯಾಕ ಈಗ?”

“ನಾನು ಹನ್ನೊಂದು ಕೌದಿ ಹೊಲದೀನ್ರಿ. ಯಾವ ಹೆಣ್ಮಗಳೂ ಚಿತ್ತಾರದ ನಡುವ ಕತ್ತರಿ ಹಾಕಂಗಿಲ್ಲ. ಛಲೋ ಇದ್ದದ್ದನ್ನ ಇಡಿಯಾಗಿ ಉಳಿಸಿ, ಸುತ್ತ ಕತ್ತರಸ್ತಾಳ. ಕೌದಿ ನಡುವ ಅದನ್ನ ಕೂಡಸ್ತಾಳ. ಇದು ನೋಡ್ರಿ, ಒಂದ ಏಟಿಗೆ ಸೀದಾ ಕೊಯ್ದೈತಿ. ಸರಿಯಾಗಿ ಕಾಲಿನ ಮಟ್ಟಕ್ಕ.”

“ಯಾರ ಕಾಲು?” ಎಂದರು ಮಹಾದೇವ ಸರ್.

ಮೋತಿಬಿ ಲೋಹಿತನ ಹಾಳೆಯನ್ನು ತಿರುಗಿಸಿ ತೆನೆ ಮೇಲಾಗಿ ಉಡಚಪ್ಪನ ಮುಂದಿಟ್ಟಳು. ಮೂರು ದಿನದಿಂದ ಕಳವಿನ ಮಾತನ್ನಷ್ಟೇ ಕೇಳಿದ್ದ ಉಡಚಪ್ಪ ಆ ಹಾಳೆಯನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಅವನ ಕೈ ತಾನಾಗಿಯೇ ಮುಂದೆ ಬಂತು. ಬಣ್ಣ ಹತ್ತಿದ ಬೆರಳು ತೆನೆಯ ಬುಡದಿಂದ ಮೇಲಕ್ಕೆ, ಸಾಲು ಸಾಲಾಗಿ ಏರಿತು. ಗುಬ್ಬಿಯ ಕಾಲಿನ ಬಳಿ ನಿಂತಿತು. ಮುಂದೆ ಹೋಗಲಿಲ್ಲ.

“ಇದನ್ನ ಯಾರು ಹೇಳಿಕೊಟ್ರು?” ಧ್ವನಿ ಇಳಿದುಹೋಗಿತ್ತು. “ಏ ತಮ್ಮಾ, ಈ ಗುಬ್ಬಿ ನಿನಗ ಯಾರು ಹೇಳಿಕೊಟ್ರು?”

ಲೋಹಿತ ತಲೆ ತಗ್ಗಿಸಿದ.

“ತೆನಿ ನಮ್ಮ ಮನೀದು. ಗುಬ್ಬಿ ಅಲ್ಲ,” ಎಂದ ಉಡಚಪ್ಪ, ಯಾರಿಗೂ ಅಲ್ಲವೆಂಬಂತೆ. “ಅದನ್ನ ಒಂದ ಸೀರಿಗೆ ಹಾಕಿದ್ದು. ನಮ್ಮಕ್ಕ ದೇವವ್ವ ತನ್ನ ಮನಸ್ಸಿಗೆ ಬಂದಂಗ ಹಾಕಿದ್ಲು. ಅಪ್ಪ ಬೈದಾ, ಕೇಳಲಿಲ್ಲ. ಅದರ ಲೆಕ್ಕ ಆಕಿ ತಲ್ಯಾಗ ಬಿಟ್ಟು ಮತ್ತ ಎಲ್ಲೂ ಇದ್ದಿಲ್ಲ. ಹಾಳ್ಯಾಗ ಬರದಿಲ್ಲ, ಯಾರಿಗೂ ಹೇಳಿಲ್ಲ.”

“ಕತ್ತರಿಸಿದವರು?” ಮೋತಿಬಿ ಮತ್ತೆ ಕೇಳಿದಳು, ಮೊದಲಿನಷ್ಟೇ ಮೆತ್ತಗೆ.

“ನಾನ. ಆಕಿ ಹೋದಮ್ಯಾಲ ಮನ್ಯಾಗ ಆ ಗುಬ್ಬಿ ನೋಡಾಕ ಆಗಲಿಲ್ಲ ನನಗ.”

“ಎಲ್ಲಿಗೆ ಹೋದ್ರು?”

“ಎಲ್ಲಿಗೆ ಹೋಗೂದು?” ಉಡಚಪ್ಪ ಹಾಳೆಯಿಂದ ಕಣ್ಣು ಕೀಳಲಿಲ್ಲ. “ಸತ್ತು ಇಪ್ಪತ್ತೆರಡು ವರ್ಷ ಆತು.”

ಮಹಾದೇವ ಸರ್ ಪೆನ್ನಿನ ಮುಚ್ಚಳ ಹಾಕಿದರು.

ಮೋತಿಬಿಗೆ ಮಾತ್ರ ಎಂಟು ಮಧ್ಯಾಹ್ನ ಫೋನಿನ ಆ ತುದಿಯಲ್ಲಿ ಕೂತು ಎರಡು ಎತ್ತು, ಮೂರು ಬಿಡು ಎಂದು ತೊಂಬತ್ತಾರು ಸಾಲು ಬಾಯಿಂದ ಬಾಯಿಗೆ ಇಳಿಸಿದವರ ನೆನಪಾಯಿತು. ಸತ್ತವರು ಎಣಿಸುವುದಿಲ್ಲ. ಅವಳು ಲೋಹಿತನ ಕಡೆ ತಿರುಗಿದಳು. ಹುಡುಗ ಕೊಟ್ಟ ಮಾತನ್ನು ಹಲ್ಲು ಕಚ್ಚಿ ಹಿಡಿದಿದ್ದ.

“ಪತ್ರ ಹರೀರಿ, ಸರ್.”

ಮಾತಾಡಿದ್ದು ಅವನಲ್ಲ. ಅಪ್ಪನ ಕುರ್ಚಿಯ ಹಿಂದೆ ಇಷ್ಟು ಹೊತ್ತು ನೆರಳಿನ ಹಾಗೆ ನಿಂತಿದ್ದ ರೋಜಾ.

“ಲೋಹಿತ ಏನೂ ಅಳಿಸಿಲ್ಲ. ಮಂಗಳವಾರ ಅವ ಬೆನ್ನು ಮಾಡಿ ಕುಂತಿದ್ದ, ನಾ ಬಂದದ್ದು ಅವಂಗ ಗೊತ್ತಾಗಿಲ್ಲ. ನನ್ನ ಫೈಲು ನಾನ ಅಳಿಸೀನಿ.”

“ರೋಜಾ!” ಉಡಚಪ್ಪ ಕುರ್ಚಿ ಹಿಂದೆ ತಳ್ಳಿ ಎದ್ದ. “ಏನ್ ಮಾತಾಡಾಕತ್ತಿ? ಯಾಕ?”

ರೋಜಾ ಅಪ್ಪನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಸೆರಗಿನ ಕೊಯ್ದ ಅಂಚನ್ನೇ ನೋಡುತ್ತಿದ್ದಳು.

“ಅತ್ತಿ ಸತ್ತಿಲ್ಲಪ್ಪಾ. ಕೊಯ್ದ ಅರ್ಧಾ ತೆನಿ ಉಳಿಯೂದು ಬ್ಯಾಡ, ಅಳಸು ಅಂತ ಹೇಳಿದಾಕಿ ಆಕೀನ.”

ಮೋತಿಬಿ ಲೋಹಿತನ ಮುಖ ನೋಡಿದಳು. ಮೂರು ದಿನದಿಂದ ಎಲ್ಲವನ್ನೂ ಬಲ್ಲವನಂತೆ ಬಾಯಿ ಮುಚ್ಚಿಕೊಂಡಿದ್ದ ಹುಡುಗನ ಕಣ್ಣಲ್ಲಿ ಮೊದಲ ಸಲ ಭಯ ಕಾಣಿಸಿತು. ಫೋನಿನಲ್ಲಿ ತನಗೆ ಸಾಲು ಹೇಳಿಕೊಟ್ಟವಳೇ ರೋಜಾಗೆ ಅಳಿಸಲು ಹೇಳಿದ್ದಳೆಂಬ ಈ ಒಂದು ವಿಷಯ ಅವನಿಗೂ ಗೊತ್ತಿರಲಿಲ್ಲ.